ಒಂದೇ ಎಲೆ, ಎರಡು ರಸ
(ಸಂಘದ ಬೆಳ್ಳಿಹಬ್ಬದ ನಿಮಿತ್ತ ರಬಕವಿಯಲ್ಲಿ ಮಾಡಿದ ಭಾಷಣದ ಸಾರಾಂಶ)



ನಮ್ಮ ಕಡೆ ಲೋಳಸರವನ್ನು ಬಾಗಿಲಿಗೆ ತಲೆಕೆಳಗಾಗಿ ಕಟ್ಟುತ್ತೇವೆ. ಮಣ್ಣಿಲ್ಲ, ನೀರಿಲ್ಲ, ಆದರೂ ಅದು ಬೇಗ ಒಣಗೋದಿಲ್ಲ. ಯಾಕಂದರೆ ಅದರ ಲೋಳೆಯಲ್ಲಿ ನೂರಕ್ಕೆ 98-99 ಭಾಗ ನೀರೇ ಐತಿ. ಔಷಧಿ ಗುಣವಿರುವುದು ಉಳಿದ ಒಂದೆರಡು ಭಾಗದಲ್ಲಿ.

ಒಂದು ಎಲೆ ಕೊಯ್ದು, ಕೊಯ್ದ ಬದಿ ಕೆಳಗೆ ಮಾಡಿ ಹಿಡಿಯಿರಿ. ಮೊದಲು ಹಳದಿ ರಸ ಸೋರುತ್ತದೆ. ಬಲು ಕಹಿ. ಸಿಪ್ಪೆಯ ಒಳಮೈಗೆ ಹತ್ತಿಕೊಂಡಿರುವ ರಸ ಇದು. ಇದನ್ನು ಒಣಗಿಸಿದರೆ ಕರಿಬೋಳ. ಇದರಲ್ಲಿರುವ ಅಲೋಯಿನ್ ಎಂಬ ವಸ್ತುವನ್ನು 1851ರಲ್ಲಿ ಬೇರ್ಪಡಿಸಿದರು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಭೇದಿಯಾಗುತ್ತದೆ. ಒಮ್ಮೆ ನಾನೇ ಸಿಪ್ಪೆಸಮೇತ ರುಬ್ಬಿ ಮುಂಜಾನೆ ಕುಡಿದೆ. ರಾತ್ರಿಯೆಲ್ಲ ತಂಬಿಗೆ ಕೈಬಿಡಲಿಲ್ಲ!

ಎರಡನೆಯದು ಒಳಗಿನ ತಿಳಿ ಲೋಳೆ. ಇದರಲ್ಲಿ ಅಸೆಮನ್ನಾನ್ ಎಂಬ, ಸಕ್ಕರೆ ಕಣಗಳು ಸರದಂತೆ ಕೂಡಿದ ವಸ್ತುವಿದೆ. ಲೋಳೆ ಚರ್ಮದ ತೇವ ಕಾಯುತ್ತದೆ. ಸಣ್ಣ ಸುಟ್ಟಗಾಯಕ್ಕೆ ಮೊದಲು ತಣ್ಣೀರು ಹಾಕಿ, ಆಮೇಲೆ ಇದನ್ನು ಹಚ್ಚಬಹುದು. ಗಾಯ ದೊಡ್ಡದಿದ್ದರೆ ನೇರ ದವಾಖಾನೆಗೆ ಹೋಗಿರಿ.

ಗಿಡದ ಔಷಧಿ, ಏನೂ ಆಗೋದಿಲ್ಲ ಅನ್ನಬೇಡಿರಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿದ್ದ ಇದರ ಭೇದಿ ಔಷಧಿಗಳನ್ನು ಅಮೆರಿಕ ಸರಕಾರ 2002ರಲ್ಲಿ ನಿಲ್ಲಿಸಿತು. ಸಿಪ್ಪೆಸಮೇತ ತೆಗೆದ ಸಾರವನ್ನು ಎರಡು ವರ್ಷ ಕುಡಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆ ಕಂಡವು. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆ ಸಾರವನ್ನು ‘ಮನುಷ್ಯರಿಗೂ ಕ್ಯಾನ್ಸರ್ ತರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿತು. ಬಸುರಿ-ಬಾಣಂತಿಯರು, ಮಕ್ಕಳು, ಮೂತ್ರಪಿಂಡದ ಬೇನೆಯವರು, ಹೃದಯದ ಗುಳಿಗೆ ನುಂಗುವವರು ಕಹಿ ರಸ ಮುಟ್ಟಲೇಬಾರದು.

ಇನ್ನು ಬೆಳೆಯ ಮಾತು. "ಸಸಿ ಕೊಡ್ತೀವಿ, ಎಲೆ ನಾವೇ ಕೊಳ್ತೀವಿ" ಎಂದು ಯಾರಾದರೂ ಬಂದರೆ ಕರಾರು ಬರಹದಲ್ಲಿ ಕೇಳಿರಿ. ಕಡಿದ ಕಬ್ಬು ಕಾರ್ಖಾನೆ ಮುಂದೆ ನಿಂತರೆ ಇಳುವರಿ ಇಳಿಯುವುದು ನಿಮಗೆ ಗೊತ್ತೇ ಐತಿ. ಲೋಳಸರವೂ ಹಾಗೇ, ಕೊಯ್ದ ತಾಸಿನಿಂದಲೇ ಲೋಳೆಯ ಗುಣ ಕುಂದುತ್ತದೆ. ಹತ್ತಿರದಲ್ಲಿ ಸಂಸ್ಕರಣ ಘಟಕವಿಲ್ಲದೆ ಎಕರೆಗಟ್ಟಲೆ ಹಚ್ಚಿದರೆ ಎಲೆ ಹೊಲದಲ್ಲೇ ಉಳಿದೀತು, ಸಾಲ ಸಂಘದ ಲೆಕ್ಕದಲ್ಲಿ ಉಳಿದೀತು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ಸಾಲದ ಅರ್ಜಿ ಬರೆಯಿರಿ.

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇದು ಮದ್ದು ಹೌದು, ಆದರೆ ಯಾವ ರಸ ಎಂದು ತಿಳಿದವರಿಗೆ ಮಾತ್ರ.