ಬೆಂಕಿಯ ನಂತರವೂ ಚಿಗುರುವ ಕೆಂಪು ಹೂಗಿಡಗಳು

ದಖನ್ನಿನ ಬಂಡೆಗುಡ್ಡಗಳ ನಡುವೆ ಬೆಳೆದ ಹೈದರಾಬಾದಿನಲ್ಲಿ ಇಂದು ತೆರೆದುಕೊಳ್ಳುತ್ತಿರುವ ಈ ನಾಡಗಿಡಗಳ ಪ್ರದರ್ಶನವು ಧಾತಕಿ, ಎಡಮುರಿ, ಮುತ್ತುಗ ಎಂಬ ಕೆಂಪು ಹೂವಿನ ಗಿಡಗಳಿಗೆ ಮೊದಲ ಸ್ಥಾನ ಕೊಟ್ಟಿರುವುದು ಉಚಿತವಾಗಿದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಊಟದೆಲೆಯಾಗಿ ಪರಿಚಿತವಾದ ಮುತ್ತುಗವೇ ತೆಲುಗರ ಮೋದುಗವಾಗಿ, ಹೋಳಿಯ ಬಣ್ಣಕ್ಕೂ ಹೂ ಕೊಟ್ಟಿದೆ.

ಇವುಗಳಲ್ಲಿ ಧಾತಕಿಯು ವಿಶೇಷ ಗಮನಕ್ಕೆ ಅರ್ಹವಾಗಿದೆ. ಮದರಂಗಿ ಮತ್ತು ದಾಳಿಂಬೆಗಳ ಕುಟುಂಬಕ್ಕೆ ಸೇರಿದ ಈ ಪೊದೆಯಲ್ಲಿ ಕೆಂಪಾಗಿ ಕಾಣುವುದು ದಳವಲ್ಲ, ಕೊಳವೆಯಾಕಾರದ ಪುಷ್ಪಪಾತ್ರೆ, ಎಂದರೆ ಹೂವಿನ ಹೊರಕವಚ; ಅದರೊಳಗಿನ ಮಕರಂದಕ್ಕಾಗಿ ಸೂರಕ್ಕಿಗಳು ಬರುತ್ತವೆ, ಆಯುರ್ವೇದದವರು ಅದೇ ಹೂವನ್ನು ಆಸವ, ಅರಿಷ್ಟಗಳೆಂಬ ಹುದುಗಿಸಿದ ಔಷಧಗಳಲ್ಲಿ ಹುದುಗು ಹುಟ್ಟಿಸಲು ಬಳಸುತ್ತಾರೆ.

ಈ ಗಿಡಗಳು ಬೆಳೆಯುವ ದಖನ್ನಿನ ಎಲೆಯುದುರುವ ಕಾಡುಗಳಲ್ಲಿ ಬೇಸಿಗೆಯ ಬೆಂಕಿ ಬಹುಮಟ್ಟಿಗೆ ಮನುಷ್ಯರಿಂದಲೇ ಹತ್ತುತ್ತದೆ. ಅದು ನೆಲಬೆಂಕಿ, ಮರದ ತುದಿಗೇರದೆ ತರಗೆಲೆ ಮತ್ತು ಒಣಹುಲ್ಲನ್ನು ಸುಡುತ್ತಾ ಹರಿಯುವಂಥದ್ದು. ಮಣ್ಣು ಶಾಖವನ್ನು ಸುಲಭವಾಗಿ ಒಳಗಿಳಿಸುವುದಿಲ್ಲವಾದ್ದರಿಂದ, ಇವುಗಳ ಕಾಂಡ ಕರಕಲಾದರೂ ಬೇರಿನ ಬುಡದಲ್ಲಿ ಸುಪ್ತವಾಗಿದ್ದ ಮೊಗ್ಗುಗಳು ಅಲ್ಲಿ ಕೂಡಿಟ್ಟ ಆಹಾರದ ಬಲದಿಂದ ಚಿಗುರುತ್ತವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ಲಾಂಛನವಾದ ಕೆಂಪು ಹೂವಿನ ವಾರಟಾ ಪೊದೆಯೂ ನೆಲದಡಿಯ ಗಡ್ಡೆಯಂಥ ಬುಡದಿಂದ ಹೀಗೆಯೇ ಮರಳಿ ಏಳುತ್ತದೆ. ಆದರೆ ಬೇರಿನ ಬುಡದ ಈ ಆಹಾರ ಸಂಗ್ರಹಕ್ಕೆ ಮಿತಿಯಿದೆ. ವರ್ಷವರ್ಷವೂ ಬೆಂಕಿ ಬಿದ್ದರೆ ಬೇರು ಸೊರಗುತ್ತದೆ, ಎಳೆಯ ಸಸಿಗಳು ಉಳಿಯುವುದಿಲ್ಲ, ಮರವಾಗಬೇಕಾದ ಮುತ್ತುಗವೂ ಕುರುಚಲಾಗಿಯೇ ನಿಲ್ಲುತ್ತದೆ. ಆದ್ದರಿಂದ ಬೆಂಕಿಯನ್ನು ತಾಳುವ ಗಿಡಕ್ಕೆ ಬೆಂಕಿ ಹಿತವೆಂದು ಭಾವಿಸುವುದು ಸರಿಯಲ್ಲ.

ಇದಕ್ಕಿಂತ ದೊಡ್ಡ ಅಪಾಯ ನಗರದ ಅಂಚಿನಲ್ಲಿದೆ. ಸುಟ್ಟು ಕಪ್ಪಾದ ಗುಡ್ಡವನ್ನು ಪಾಳುಭೂಮಿಯೆಂದು ಬಗೆದು ಜೆಸಿಬಿಯಿಂದ ಸಮತಟ್ಟು ಮಾಡಿದಾಗ, ಬೆಂಕಿಯಿಂದ ಪಾರಾದ ಬೇರುಗಳೇ ಕಿತ್ತು ಹೋಗುತ್ತವೆ. ಬಂಜಾರಾ ಹಿಲ್ಸ್ ಬಳಿಯ ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನದಂಥ ಕೆಲವೇ ತಾಣಗಳಲ್ಲಿ ಈ ನೆಲದ ಕುರುಚಲು ಕಾಡು ನಗರದೊಳಗೂ ಉಳಿದಿದೆ. ಮಳೆಗಾಲ ಬರುವ ಮೊದಲು ಒಂದು ಬರಡು ಗುಡ್ಡವನ್ನೂ ಸತ್ತಿದೆಯೆಂದು ತೀರ್ಮಾನಿಸಬಾರದು. ಧಾತಕಿಯನ್ನು ಮನೆಯಂಗಳಕ್ಕೆ ಬಯಸುವವರು ಗುಡ್ಡದ ಗಿಡವನ್ನು ಅಗೆದು ತರದೆ, ಬೀಜದಿಂದ ಬೆಳೆಸಿದ ಸಸಿಯನ್ನೇ ಒಯ್ದು, ಮೊದಲ ಮಳೆಗಳ ನಂತರ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಡಬೇಕೆಂಬ ವಿನಂತಿಯೊಂದಿಗೆ ಈ ಪ್ರದರ್ಶನವನ್ನು ಸಾರ್ವಜನಿಕರಿಗೆ ತೆರೆಯಲಾಗಿದೆ.