ತೊಗರಿ ರೊಕ್ಕ, ಕಾಲೇಜಿನ ಫೀಸು

ಸಿಂದಗಿ ತಾಲ್ಲೂಕಿನ ಮೋರಟಗಿ ಸೀಮೆಯಲ್ಲಿ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ಕಾಲೇಜಿನವರು ಫೀಸು ಕೇಳುವುದು ಜೂನ್ ಹೊತ್ತಿಗೆ. ನಡುವೆ ಜಾತ್ರೆ, ಮದುವೆ, ಅಂಗಡಿಯ ಉದ್ರಿ ಎಲ್ಲವೂ ಬರುತ್ತವೆ. ಆದ್ದರಿಂದ ಅಡತಿ ಅಂಗಡಿಯಿಂದ ರೊಕ್ಕ ಕೈಗೆ ಬಂದ ದಿನವೇ ಫೀಸಿನ ಪಾಲು ಅಂಚೆ ಕಚೇರಿಗೋ ಬ್ಯಾಂಕಿಗೋ ಹೋಗಲಿ. ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ; ವರ್ಷಕ್ಕೆ 250 ರೂಪಾಯಿ ತುಂಬಿದರೂ ಅದು ನಡೆಯುತ್ತದೆ. ಹತ್ತನೇ ತರಗತಿ ಮುಗಿದ ಮೇಲೆ ಓದಿಗಾಗಿ ಖಾತೆಯಲ್ಲಿರುವ ಹಣದಲ್ಲಿ ಅರ್ಧದವರೆಗೆ ತೆಗೆಯಬಹುದು. ಉಳಿಸಿದ್ದು ಸಾಲದೆ ಶಿಕ್ಷಣ ಸಾಲ ಮಾಡಿದರೆ, ಅದರ ಕಂತು ಸಾಮಾನ್ಯವಾಗಿ ಓದು ಮುಗಿದ ಮೇಲೆ ಶುರುವಾಗುತ್ತದೆ, ಆದರೆ ಬಡ್ಡಿ ಮೊದಲಿನಿಂದಲೇ ಬೆಳೆಯುತ್ತದೆ. ಇದು ಪಿಯುಸಿ ಓದುವ ಮಕ್ಕಳಿಗೂ ಗೊತ್ತಿರಬೇಕು. ಫಲಿತಾಂಶಕ್ಕೆ ಮೊದಲೇ ಅವರನ್ನು ಕೂರಿಸಿಕೊಂಡು ಮನೆಯ ಆದಾಯ ಎಷ್ಟು, ಸಾಲ ಎಷ್ಟು ಎಂದು ಬಿಚ್ಚಿ ಹೇಳಿ.