ಠಾಣೆಯ ಬಾಗಿಲಲ್ಲಿ ಕೇಳಿದ ಪ್ರಶ್ನೆ

(ತಿಪಟೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವ ಯುವಕನನ್ನು ಪೊಲೀಸರು ಬಂಧಿಸಿದ ರಾತ್ರಿ ಅವನ ತಾಯಿ ಓಡಿದ್ದು ವಕೀಲರಲ್ಲಿಗಲ್ಲ, ‘ಸಾಹೇಬರು ನನಗೆ ಪರಿಚಿತರು’ ಎಂದ ಮಧ್ಯವರ್ತಿಯ ಬಳಿಗೆ. ಓಲೆ ಅಡವಿಟ್ಟು ತಂದ ಹಣ ಅವನ ಜೇಬು ಸೇರಿತು; ಮಗ ಜೈಲು ಸೇರಿದ. ‘ಕಾನೂನಿನಲ್ಲಿ ನಮ್ಮಂಥವರಿಗೆ ಏನಿದೆ?’ ಎಂದು ಆಕೆ ನನ್ನನ್ನು ಕೇಳಿದರು.

ಇದೆ. ಬಂಧನದ ಕಾರಣ ತಿಳಿಸಬೇಕು, ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಬಂಧಿತನಿಗೆ ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕನ್ನೂ ಕೊಟ್ಟಿದೆ.

ಶುಲ್ಕಕ್ಕೆ ಹಣವಿಲ್ಲವೇ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವವರು ಮತ್ತು ಮಹಿಳೆಯರು ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ನಿಮ್ಮೂರಿನ ನ್ಯಾಯಾಲಯದಲ್ಲೇ ವಿಚಾರಿಸಿರಿ, ದೂರವಾಣಿ 15100. ಇದನ್ನು ಖೈರಾತೆಂದು ನಾಚುವವರಿದ್ದಾರೆ. ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, 1979ರಲ್ಲೇ ಸುಪ್ರೀಂ ಕೋರ್ಟು ಇದು ಹಕ್ಕೆಂದು ಸಾರಿತು.

ಸ್ವಂತ ವಕೀಲರನ್ನೇ ನೇಮಿಸುವುದಾದರೆ, ವಕಾಲತ್ತಿಗೆ ಸಹಿ ಹಾಕುವ ಮುನ್ನ ಶುಲ್ಕ ಎಷ್ಟು, ಅದು ಜಾಮೀನಿಗೆ ಮಾತ್ರವೋ ಇಡೀ ಮೊಕದ್ದಮೆಗೋ ಎಂದು ಕೇಳಿರಿ. ಖಾಲಿ ಹಾಳೆಗೆ ಸಹಿ ಬೇಡ. ಅವರಿಂದ ಏನನ್ನೂ ಮುಚ್ಚಿಡಬೇಡಿ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ.

ಆ ಯುವಕನಿಗೆ ಜಾಮೀನು ಕೊಡಿಸಿದ್ದು ಸಮಿತಿ ನೇಮಿಸಿದ ವಕೀಲರು. ಓಲೆ ಇನ್ನೂ ಅಡವಿನಲ್ಲಿದೆ.